ವಾರಕ್ಕೆ ಎಷ್ಟು ದಿನ ಗೋಷ್ತ್?

ಮಾಂಸ ಬಿಡಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ಸಾಕು, ನಮ್ಮ ಕ್ಲಾಸಿನಲ್ಲಿ ಎರಡು ಗುಂಪುಗಳಾಗುತ್ತವೆ. ಒಂದು ಗುಂಪು, "ಅಲ್ಲಾಹನು ಹಲಾಲ್ ಮಾಡಿದ್ದನ್ನ ನಾವ್ಯಾಕ ಬಿಡಬೇಕು?" ಎನ್ನುತ್ತದೆ. ಇನ್ನೊಂದು ಗುಂಪು, "ಕಾಯಿಪಲ್ಲೆ ತಿಂದೋರೇ ಆರೋಗ್ಯವಾಗಿರ್ತಾರ ಅಂತ ಡಾಕ್ಟರ್ರೇ ಹೇಳ್ತಾರ" ಎನ್ನುತ್ತದೆ. ಐದು ನಿಮಿಷದಲ್ಲಿ ಮಾತು ಊಟದಿಂದ ಜಾತಿಗೆ, ಜಾತಿಯಿಂದ ಪಕ್ಷಕ್ಕೆ ಹೋಗುತ್ತದೆ. ಬೆಲ್ ಹೊಡೆಯುತ್ತದೆ. ಯಾರೂ ಏನೂ ತೀರ್ಮಾನಿಸದೆ ಎದ್ದು ಹೋಗುತ್ತೇವೆ.

ನಾನು ಈ ಪ್ರಶ್ನೆಯನ್ನು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಸಸ್ಯಾಹಾರಿ ಆಗುವುದಿಲ್ಲ. ಆದರೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಮಾಂಸ ತಿನ್ನುವುದಿಲ್ಲ. ಮೊಟ್ಟೆ, ಹಾಲು, ಮೊಸರು ಬಿಡುವುದಿಲ್ಲ. ಹಬ್ಬ ಮತ್ತು ಮದುವೆಗೆ ಈ ಲೆಕ್ಕ ಹಚ್ಚುವುದಿಲ್ಲ. ಇದಕ್ಕೆ ನನ್ನ ಕಾರಣಗಳೇನು, ಯಾವ ಕಾರಣಗಳನ್ನು ನಾನು ಒಪ್ಪುವುದಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನೀವು ಒಪ್ಪಲೇಬೇಕು ಎಂದೇನಿಲ್ಲ.

ದೀನ್ ಏನು ಹೇಳುತ್ತದೆ?

ಮೊದಲು ಇದನ್ನೇ ನೋಡಬೇಕು. ಯಾಕೆಂದರೆ ನಮ್ಮಂಥ ಮನೆಗಳಲ್ಲಿ "ನಾನು ಮಾಂಸ ಕಡಿಮೆ ಮಾಡ್ತೀನಿ" ಎಂದ ಕೂಡಲೇ ಮೊದಲು ಬರುವ ಪ್ರಶ್ನೆ ಇದೇ.

ಹಲಾಲ್ ಆದದ್ದನ್ನು ಹರಾಮ್ ಎಂದು ಹೇಳುವ ಅಧಿಕಾರ ನಮಗಿಲ್ಲ. ಸೂರಃ ಅಲ್-ಮಾಇದಾದಲ್ಲಿ ಇದು ಸ್ಪಷ್ಟವಾಗಿದೆ. ಆದ್ದರಿಂದ ಮುಸ್ಲಿಮರೊಬ್ಬರು "ಮಾಂಸ ತಿನ್ನುವುದು ಪಾಪ" ಎಂದು ಹೇಳುವಂತಿಲ್ಲ. ಆದರೆ ಹಲಾಲ್ ಎಂದರೆ ಅನುಮತಿ ಇದೆ ಎಂದು ಅರ್ಥ, ದಿನಾ ತಿನ್ನಲೇಬೇಕು ಎಂದು ಅರ್ಥವಲ್ಲ. ಹಾಗಲಕಾಯಿ ಕೂಡ ಹಲಾಲ್ ಆಗಿದೆ, ಅದನ್ನು ದಿನಾ ತಿನ್ನಿ ಎಂದು ಯಾರೂ ಒತ್ತಾಯ ಮಾಡುವುದಿಲ್ಲ. ಅದೇ ಕುರ್‌ಆನಿನಲ್ಲಿ, ಸೂರಃ ಅಲ್-ಅಅರಾಫ್‌ನಲ್ಲಿ, ತಿನ್ನಿರಿ ಕುಡಿಯಿರಿ ಆದರೆ ಮಿತಿ ಮೀರಬೇಡಿ ಎಂಬ ಅರ್ಥದ ಆದೇಶವೂ ಇದೆ. ಮೊದಲ ಮಾತನ್ನು ನಾವು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತೇವೆ, ಎರಡನೆಯದನ್ನು ದಸ್ತರ್‌ಖಾನಿನ ಮುಂದೆ ಮರೆಯುತ್ತೇವೆ.

ಪ್ರವಾದಿಯವರ (ಸ) ಮನೆಯಲ್ಲಿ ಎರಡು ತಿಂಗಳು ಒಲೆ ಹೊತ್ತದೆ, ಖರ್ಜೂರ ಮತ್ತು ನೀರಿನಲ್ಲೇ ದಿನ ಕಳೆದದ್ದನ್ನು ಹಜ್ರತ್ ಆಯಿಶಾ (ರ) ಹೇಳಿದ್ದಾರೆ. ಅವರು ಮಾಂಸ ತಿನ್ನುತ್ತಿದ್ದರು, ಇಷ್ಟಪಟ್ಟೇ ತಿನ್ನುತ್ತಿದ್ದರು. ಆದರೆ ಅದು ದಿನನಿತ್ಯದ ಊಟವಾಗಿರಲಿಲ್ಲ. ಸಹೀಹ್ ಬುಖಾರಿಯಲ್ಲಿ ಹಜ್ರತ್ ಅನಸ್ (ರ) ಹೇಳಿರುವ ಒಂದು ಘಟನೆ ನನಗೆ ಬಹಳ ಇಷ್ಟ. ದರ್ಜಿಯೊಬ್ಬರು ಪ್ರವಾದಿಯವರನ್ನು ಊಟಕ್ಕೆ ಕರೆದರು. ಜವೆಗೋಧಿ ರೊಟ್ಟಿ, ಜೊತೆಗೆ ಸೋರೆಕಾಯಿ ಮತ್ತು ಒಣಮಾಂಸ ಹಾಕಿದ ಸಾರು ಬಡಿಸಿದರು. ಪ್ರವಾದಿಯವರು ತಟ್ಟೆಯಲ್ಲಿ ಹುಡುಕಿ ಹುಡುಕಿ ತಿಂದದ್ದು ಸೋರೆಕಾಯಿ ಹೋಳುಗಳನ್ನು. ಅಂದಿನಿಂದ ಅನಸ್ ಅವರಿಗೂ ಸೋರೆಕಾಯಿ ಇಷ್ಟವಾಯಿತು. ನಮ್ಮ ಮನೆಗಳಲ್ಲಿ ದಾಲ್ಚಾ ಬಡಿಸಿದಾಗ ಸೋರೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುವವರು ಇದನ್ನು ಒಮ್ಮೆ ಯೋಚಿಸಬೇಕು.

ಹಜ್ರತ್ ಉಮರ್ (ರ) ಇನ್ನೂ ಕಠಿಣವಾಗಿ ಹೇಳಿದ್ದರು. ಮಾಂಸಕ್ಕೂ ಹೆಂಡದ ಹಾಗೆ ಚಟ ಹತ್ತುತ್ತದೆ, ಎಚ್ಚರಿಕೆಯಿಂದಿರಿ ಎಂದು ಅವರು ಹೇಳಿದ್ದು ಇಮಾಮ್ ಮಾಲಿಕರ ಮುವತ್ತಾದಲ್ಲಿ ದಾಖಲಾಗಿದೆ. ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗವಿದೆ. ಜಾಬಿರ್ (ರ) ಒಂದು ದಿರ್ಹಮ್‌ಗೆ ಮಾಂಸ ಕೊಂಡು ಹೋಗುತ್ತಿರುವುದನ್ನು ಉಮರ್ ನೋಡಿದರು. ತಿನ್ನಬೇಕೆನಿಸಿತು, ಕೊಂಡೆವು ಎಂದರು ಜಾಬಿರ್. ನೆರೆಯವರಿಗೂ ಸಂಬಂಧಿಕರಿಗೂ ಇಲ್ಲದಿರುವಾಗ ತಮ್ಮ ಹೊಟ್ಟೆಯನ್ನಷ್ಟೇ ತುಂಬಿಸಿಕೊಳ್ಳುವುದೇ ಎಂದು ಉಮರ್ ಪ್ರಶ್ನೆ ಮಾಡಿದರು. ಮಾಂಸ ಹಲಾಲೋ ಹರಾಮೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಯಾರ ತಟ್ಟೆಯಲ್ಲಿ ಎಷ್ಟು ಇದೆ ಎಂಬುದು ಪ್ರಶ್ನೆಯಾಗಿತ್ತು.

ಬಕ್ರೀದ್‌ಗೆ ಏನು ಮಾಡ್ತೀ ಎಂದು ಗೆಳತಿಯರು ಕೇಳುತ್ತಾರೆ. ಕುರ್ಬಾನಿ ಇಬಾದತ್ ಆಗಿದೆ, ಅದನ್ನು ಮೆನು ಎಂದು ನೋಡಬಾರದು. ಸೂರಃ ಹಜ್ ಹೇಳುವಂತೆ ಅಲ್ಲಾಹನಿಗೆ ತಲುಪುವುದು ಪ್ರಾಣಿಯ ಮಾಂಸವೂ ಅಲ್ಲ, ರಕ್ತವೂ ಅಲ್ಲ, ನಮ್ಮ ತಕ್ವಾ ಮಾತ್ರ. ಮೂರು ಪಾಲು ಮಾಡಿ ಒಂದು ಬಡವರಿಗೆ, ಒಂದು ಬಂಧುಗಳಿಗೆ, ಒಂದು ಮನೆಗೆ ಎನ್ನುವುದು ನಮ್ಮ ರೂಢಿ. ಮನೆಯವರು ಕಡಿಮೆ ತಿಂದರೆ ಹಂಚುವ ಪಾಲು ದೊಡ್ಡದಾಗುತ್ತದೆ. ಫ್ರಿಜ್ ತುಂಬಿಸಿಟ್ಟು ತಿಂಗಳುಗಟ್ಟಲೆ ತಿನ್ನುವುದಕ್ಕಿಂತ ಇದು ಕುರ್ಬಾನಿಗೆ ಹೆಚ್ಚು ಹತ್ತಿರ ಎಂದು ನನಗೆ ಅನಿಸುತ್ತದೆ.

ಕಾಮರ್ಸ್ ವಿದ್ಯಾರ್ಥಿಯ ಲೆಕ್ಕ

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಮಾಂಸ ಬಿಟ್ಟರೆ ಶಕ್ತಿ ಎಲ್ಲಿಂದ ಬರುತ್ತೆ ಎನ್ನುವವರು ಹೇಳುವುದು ಪ್ರೋಟೀನ್ ಬಗ್ಗೆ. ಹಾಗಾದರೆ ಹತ್ತು ಗ್ರಾಂ ಪ್ರೋಟೀನ್‌ಗೆ ಎಷ್ಟು ಖರ್ಚಾಗುತ್ತದೆ ಎಂದು ನೋಡೋಣ. ದರಗಳು ವಾರಕ್ಕೊಮ್ಮೆ ಬದಲಾಗುತ್ತವೆ, ಆದ್ದರಿಂದ ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಮಟನ್ ಕೆಜಿಗೆ 750 ರೂಪಾಯಿ, ಚಿಕನ್ 240, ತೊಗರಿಬೇಳೆ 140, ಶೇಂಗಾ 130, ಮೊಟ್ಟೆ ಒಂದಕ್ಕೆ 7 ರೂಪಾಯಿ.

ಮೂಳೆ ತೆಗೆದರೆ ಒಂದು ಕೆಜಿ ಮಟನ್‌ನಲ್ಲಿ ಸುಮಾರು 140 ಗ್ರಾಂ ಪ್ರೋಟೀನ್ ಸಿಗುತ್ತದೆ. ಅಂದರೆ ಹತ್ತು ಗ್ರಾಂಗೆ 50 ರೂಪಾಯಿಗೂ ಮೇಲೆ. ಚಿಕನ್‌ನಲ್ಲಿ ಅದೇ ಹತ್ತು ಗ್ರಾಂಗೆ ಸುಮಾರು 17 ರೂಪಾಯಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುವುದರಿಂದ ಹತ್ತು ಗ್ರಾಂಗೆ 12 ರೂಪಾಯಿ. ತೊಗರಿಬೇಳೆಯಲ್ಲಿ ನೂರಕ್ಕೆ 22 ಗ್ರಾಂ ಇದೆ, ಹತ್ತು ಗ್ರಾಂಗೆ ಆರೂವರೆ ರೂಪಾಯಿ ಸಾಕು. ಶೇಂಗಾದಲ್ಲಿ ನೂರಕ್ಕೆ 25 ಗ್ರಾಂ, ಅಂದರೆ ಐದು ರೂಪಾಯಿ ಚಿಲ್ಲರೆ. ಬೇಳೆಯ ಪ್ರೋಟೀನ್ ಒಂದೇ ಇದ್ದರೆ ಮಾಂಸದಷ್ಟು ಪರಿಪೂರ್ಣವಲ್ಲ ನಿಜ. ಆದರೆ ಬೇಳೆಯಲ್ಲಿ ಕಡಿಮೆ ಇರುವುದು ಜೋಳ, ಅಕ್ಕಿಯಲ್ಲಿ ಇದೆ, ಅವುಗಳಲ್ಲಿ ಕಡಿಮೆ ಇರುವುದು ಬೇಳೆಯಲ್ಲಿ ಇದೆ. ನಮ್ಮ ಹಿರಿಯರು ರೊಟ್ಟಿ ಜೊತೆ ಮಡಕಿಕಾಳು, ಅನ್ನದ ಜೊತೆ ಬೇಳೆ ತಿಂದದ್ದು ಸುಮ್ಮನೆ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. 50 ಕೆಜಿ ಇರುವವರಿಗೆ ಸುಮಾರು 41 ಗ್ರಾಂ. ಮೂರು ಜೋಳದ ರೊಟ್ಟಿಯಲ್ಲಿ 15 ಗ್ರಾಂ, ಎರಡು ಹೊತ್ತಿನ ಅನ್ನದಲ್ಲಿ 11, ಬೇಳೆಯಲ್ಲಿ 9, ಒಂದು ಬಟ್ಟಲು ಮೊಸರಿನಲ್ಲಿ 6. ಲೆಕ್ಕ ಇಲ್ಲಿಗೇ ಮುಗಿಯಿತು, ಶೇಂಗಾ ಚಟ್ನಿಯನ್ನು ನಾನಿನ್ನೂ ಸೇರಿಸಿಯೇ ಇಲ್ಲ. ಆದ್ದರಿಂದ ದಿನಾ ಮಾಂಸ ಇಲ್ಲದಿದ್ದರೆ ದೇಹ ಸೊರಗುತ್ತದೆ ಎಂಬ ಮಾತು ಸರಿಯಲ್ಲ. ಬೇಳೆ, ಮೊಸರು ಹೊಟ್ಟೆ ತುಂಬ ಸಿಗುವ ಮನೆಗೆ ಮಾತ್ರ ಈ ಲೆಕ್ಕ ಹೊಂದುತ್ತದೆ ಎಂಬುದನ್ನೂ ಮರೆಯಬಾರದು.

ಅರ್ಥಶಾಸ್ತ್ರದಲ್ಲಿ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಓದುತ್ತೇವೆ. ಮೊದಲ ಸೇಬು ಕೊಟ್ಟಷ್ಟು ತೃಪ್ತಿಯನ್ನು ಐದನೆಯ ಸೇಬು ಕೊಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಸೇಬಿನ ಬದಲು ಬಿರಿಯಾನಿ ಇಟ್ಟು ನೋಡಿ. ಶುಕ್ರವಾರ ತಿಂದ ಬಿರಿಯಾನಿಯ ರುಚಿ ಶನಿವಾರ ಅದೇ ಬಿಸಿ ಮಾಡಿ ತಿಂದರೆ ಇರುವುದಿಲ್ಲ. ವಾರವಿಡೀ ಗೋಷ್ತ್ ಇರುವ ಮನೆಯಲ್ಲಿ ಅದು ರುಚಿ ಅಲ್ಲ, ಅಭ್ಯಾಸ. ಇನ್ನು ಅವಕಾಶ ವೆಚ್ಚ. ವಾರಕ್ಕೆ ಅರ್ಧ ಕೆಜಿ ಮಟನ್ ಕಡಿಮೆಯಾದರೆ ಮೇಲಿನ ದರದಲ್ಲಿ 375 ರೂಪಾಯಿ, ತಿಂಗಳಿಗೆ ಸಾವಿರದ ಐನೂರು. ನಮ್ಮಂಥ ಮನೆಗಳಿಗೆ ಅದು ಒಬ್ಬರ ಟ್ಯೂಷನ್ ಫೀ, ಅಥವಾ ತಿಂಗಳಿಡೀ ಮನೆಮಂದಿಗೆಲ್ಲ ದಿನಾ ಮೊಟ್ಟೆ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಸಸ್ಯಾಹಾರಿಯಾಗಿದ್ದರು ಎಂದು ಎಲ್ಲರಿಗೂ ಗೊತ್ತು. ಅವರು ಹಾಗಾದದ್ದು ತಿರುಚಿನಾಪಳ್ಳಿಯಲ್ಲಿ ಕಾಲೇಜು ಓದುವಾಗ, ಮಾಂಸದ ಊಟಕ್ಕೆ ಹೆಚ್ಚು ಖರ್ಚಾಗುತ್ತಿತ್ತು ಎಂಬ ಕಾರಣಕ್ಕೆ. ದೊಡ್ಡ ತತ್ವದಿಂದಲ್ಲ, ಮೆಸ್ ಬಿಲ್‌ನಿಂದ. ಹಣದ ಕಾರಣವನ್ನು ನಾವು ಕೀಳು ಎಂದು ಭಾವಿಸುತ್ತೇವೆ. ನನಗೆ ಅದು ಬಹಳ ಪ್ರಾಮಾಣಿಕ ಕಾರಣ ಎನಿಸುತ್ತದೆ.

ಯಾರು ಕಡಿಮೆ ತಿನ್ನಬೇಕು?

ಇಲ್ಲಿಯವರೆಗೆ ಓದಿದವರು, ಹಾಗಾದರೆ ಪೂರ್ತಿ ಸಸ್ಯಾಹಾರಿ ಆಗಲು ಏನು ಅಡ್ಡಿ ಎಂದು ಕೇಳಬಹುದು. ಅಡ್ಡಿ ಇದೆ, ಅದು ನಮ್ಮಂಥ ಹುಡುಗಿಯರ ರಕ್ತದಲ್ಲಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಪ್ರಾರ್ಥನೆಗೆ ನಿಂತಾಗ ಯಾರಾದರೂ ತಲೆತಿರುಗಿ ಬಿದ್ದರೆ ನಾವು "ತಿಂಡಿ ತಿಂದಿಲ್ಲ" ಎಂದು ಹೇಳಿ ಸುಮ್ಮನಾಗುತ್ತೇವೆ. ಮಾಂಸದಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ, ಸೊಪ್ಪು ಕಾಳುಗಳಲ್ಲಿರುವುದನ್ನು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟವಾದ ಕೂಡಲೇ ಚಹಾ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ಬಿ12 ವಿಟಮಿನ್ ಅಂತೂ ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪದಾರ್ಥಗಳಿಂದಲೇ. ಪೂರ್ತಿ ಬಿಡುವವರು ಇದನ್ನೆಲ್ಲ ತಿಳಿದು ಬಿಡಬೇಕು. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಬೇಕು, ಹಾಲು ಮೊಸರು ಬಿಡಬಾರದು, ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಬ್ಯಾಗಿನಲ್ಲಿಟ್ಟು ಮರೆಯಬಾರದು.

ಈಗ ನಮ್ಮ ಅಡುಗೆಮನೆ ನೋಡಿ. ಅರ್ಧ ಕೆಜಿ ಗೋಷ್ತ್ ಬರುತ್ತದೆ, ಮನೆಯಲ್ಲಿ ಆರು ಜನ. ಮೊದಲು ಬಡಿಸುವುದು ಗಂಡಸರಿಗೆ. ನಲ್ಲಿ ಮೂಳೆ ಅಬ್ಬಾಗೆ, ಕಲೇಜಿ ಭಾಯ್‌ಗೆ. ಕೊನೆಗೆ ಅಮ್ಮಿ ಕೂತಾಗ ಪಾತ್ರೆಯಲ್ಲಿ ಇರುವುದು ರಸ ಮತ್ತು ಆಲೂಗಡ್ಡೆ. "ನಂಗ ಮಸಾಲಿನೇ ಇಷ್ಟ" ಎಂದು ಅಮ್ಮಂದಿರು ಹೇಳುತ್ತಾರೆ. ಇದು ಉರ್ದು ಮಾತಾಡುವ ಮನೆಗಳಲ್ಲಿ ಮಾತ್ರವಲ್ಲ, ಕನ್ನಡ ತೆಲುಗು ಮಾತಾಡುವ ಗೆಳತಿಯರ ಮನೆಗಳಲ್ಲೂ ಹೀಗೇ ಎಂದು ಅವರೇ ಹೇಳಿದ್ದಾರೆ. ಅಂದರೆ ಕಬ್ಬಿಣಾಂಶ ಹೆಚ್ಚು ಬೇಕಾದವರ ತಟ್ಟೆಗೆ ಕಡಿಮೆ ಬೀಳುತ್ತದೆ, ಅಷ್ಟೊಂದು ಬೇಡವಾದವರ ತಟ್ಟೆಗೆ ಹೆಚ್ಚು ಬೀಳುತ್ತದೆ. ಆದ್ದರಿಂದ "ಎಲ್ಲರೂ ಮಾಂಸ ಕಡಿಮೆ ಮಾಡಿ" ಎಂದು ಬೋರ್ಡ್ ಬರೆದರೆ ಸಾಲದು. ವಾರಕ್ಕೆ ಎರಡು ದಿನ ತಂದರೂ ಆ ಎರಡು ದಿನ ಕಲೇಜಿ ಅಕ್ಕ-ತಂಗಿಯರ ತಟ್ಟೆಗೂ ಬರಬೇಕು. ನಮ್ಮ ಕಾಲೇಜಿನ ಹುಡುಗರು ಈ ಪ್ಯಾರಾವನ್ನು ಎರಡು ಸಲ ಓದಲಿ.

ಮೊಟ್ಟೆಯ ಬಗ್ಗೆ ನಮ್ಮ ಭಾಗಕ್ಕೆ ಒಂದು ಇತಿಹಾಸವೇ ಇದೆ. 2021ರ ಡಿಸೆಂಬರ್‌ನಲ್ಲಿ ಸರಕಾರಿ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದ್ದು ಮೊದಲು ನಮ್ಮ ರಾಯಚೂರು ಸೇರಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ. ಕಾರಣ, ಇಲ್ಲಿಯ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಕೊಟ್ಟರು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಪಕ್ಕದ ಗಂಗಾವತಿಯ ಶಾಲೆಯೊಂದರ ಹುಡುಗಿಯರು, ನಮಗೆ ಮೊಟ್ಟೆ ಬೇಕು ಎಂದು ಕ್ಯಾಮೆರಾ ಮುಂದೆ ನೇರವಾಗಿ ಹೇಳಿದ ವಿಡಿಯೊವನ್ನು ಇಡೀ ರಾಜ್ಯ ನೋಡಿತು. ಆಮೇಲೆ ಯೋಜನೆ ಎಲ್ಲ ಜಿಲ್ಲೆಗಳಿಗೆ ಹೋಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಹೊಟ್ಟೆ ತುಂಬಿದವರು ಬೇರೆಯವರ ತಟ್ಟೆಯಿಂದ ಏನು ತೆಗೆಯಬೇಕು ಎಂದು ಮಾತಾಡುವಾಗ, ಹಸಿದವರನ್ನು ಒಂದು ಮಾತು ಕೇಳಬೇಕು ಎಂಬುದನ್ನು ಆ ಹುಡುಗಿಯರು ತೋರಿಸಿದರು.

ಕುರಿ, ಬ್ರಾಯ್ಲರ್ ಮತ್ತು ನಮ್ಮ ಭತ್ತ

ಪರಿಸರದ ಕಾರಣಕ್ಕೆ ಮಾಂಸ ಬಿಡಿ ಎಂದು ಮೊಬೈಲಿನಲ್ಲಿ ಬಹಳ ವಿಡಿಯೊಗಳು ಬರುತ್ತವೆ. ಅವುಗಳಲ್ಲಿ ತೋರಿಸುವುದು ಅಮೆರಿಕ, ಬ್ರೆಜಿಲ್‌ನ ದೊಡ್ಡ ದನದ ಫಾರ್ಮ್‌ಗಳನ್ನು. ಸಿಂಧನೂರಿನ ಸ್ಥಿತಿ ಬೇರೆ. ಇಲ್ಲಿ ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ಕುರಿಗಳು ಕೊಯ್ದ ಹೊಲದ ಕೂಳೆ, ಬದುವಿನ ಹುಲ್ಲು ಮೇಯುತ್ತವೆ. ರಾತ್ರಿ ಹೊಲದಲ್ಲೇ ತಂಗುತ್ತವೆ, ಹಿಕ್ಕೆ ಗೊಬ್ಬರವಾಗುತ್ತದೆ, ಅದಕ್ಕಾಗಿ ರೈತರು ಕುರಿಗಾರರಿಗೆ ಕಾಳು, ಹಣ ಕೊಡುತ್ತಾರೆ. ಆ ಕುರಿ ಯಾವ ಮನುಷ್ಯನ ಅನ್ನವನ್ನೂ ಕಸಿದುಕೊಂಡಿಲ್ಲ. ಬ್ರಾಯ್ಲರ್ ಕೋಳಿ ಹಾಗಲ್ಲ. ಅದು ತಿನ್ನುವುದು ಹೆಚ್ಚಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಒಂದು ಕೆಜಿ ತೂಕ ಬರಲು ಒಂದೂವರೆಯಿಂದ ಎರಡು ಕೆಜಿ ಮೇವು ಬೇಕು, ಅದನ್ನು ಬೆಳೆಯಲು ಹೊಲ, ನೀರು, ಗೊಬ್ಬರ ಬೇಕು. ಅಗ್ಗ ಎಂದು ನಾವು ದಿನಾ ತಿನ್ನುತ್ತಿರುವುದು ಇದನ್ನೇ.

ಹಾಗಂತ ಅನ್ನದ ತಟ್ಟೆ ಪೂರ್ತಿ ಶುದ್ಧ ಎಂದೂ ಹೇಳಲಾಗದು. ನಮ್ಮ ಊರು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜ ಎನಿಸಿಕೊಂಡಿದೆ. ನೀರು ನಿಲ್ಲಿಸಿದ ಗದ್ದೆಯಿಂದಲೂ ಮೀಥೇನ್ ಅನಿಲ ಹೊರಡುತ್ತದೆ. ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ತಲುಪದೆ ಪ್ರತಿವರ್ಷ ಜಗಳವಾಗುತ್ತದೆ. ಪರಿಸರ ಮುಖ್ಯ ಎನ್ನುವವರು ಮಾಂಸದ ಜೊತೆಗೆ ಅನ್ನವನ್ನೂ ಸ್ವಲ್ಪ ಕಡಿಮೆ ಮಾಡಿ ಜೋಳ, ಸಜ್ಜೆ, ನವಣೆಗೆ ಬರಬೇಕು. ಆಗ ಅವರ ಮಾತಿಗೆ ತೂಕ ಇರುತ್ತದೆ.

ಪ್ರಾಣಿಯ ನೋವಿನ ಪ್ರಶ್ನೆಯನ್ನೂ ಬಿಡುವಂತಿಲ್ಲ. ಜಬಹ್ ಮಾಡುವಾಗ ಚೂರಿ ಹರಿತವಾಗಿರಬೇಕು, ಪ್ರಾಣಿಗೆ ನೋವು ಕಡಿಮೆಯಾಗಬೇಕು ಎಂದು ಹದೀಸ್ ಇದೆ. ಆದರೆ ಹತ್ತಾರು ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕಿ ಬಿಸಿಲಲ್ಲಿ ಒಯ್ಯುವುದನ್ನು ನಾವು ರಸ್ತೆಯಲ್ಲಿ ಎಷ್ಟು ಸಲ ನೋಡಿಲ್ಲ? ಕೊನೆಯ ಒಂದು ನಿಮಿಷ ಸರಿಯಾಗಿದ್ದು, ಅದಕ್ಕೆ ಮುಂಚಿನ ನಲವತ್ತು ದಿನ ಹೇಗಿದ್ದರೂ ನಡೆಯುತ್ತದೆ ಎಂದು ನಮ್ಮ ದೀನ್ ಹೇಳುವುದಿಲ್ಲ. ಕಡಿಮೆ ಕೊಂಡರೆ, ಎಲ್ಲಿಂದ ಬಂತು ಎಂದು ಕೇಳಿ ಕೊಳ್ಳುವಷ್ಟು ಹಣವೂ ಸಮಯವೂ ಇರುತ್ತದೆ.

ಬಿಡುವುದು ಬೇರೆ, ಬಿಡಿಸುವುದು ಬೇರೆ

ಇದು ನನಗೆ ಬರೆಯಲು ಕಷ್ಟವಾದ ಭಾಗ. ನನ್ನಂಥ ಹುಡುಗಿ "ಮಾಂಸ ಕಡಿಮೆ ಮಾಡ್ತೀನಿ" ಎಂದರೆ ಮನೆಯವರು ಹೆದರುತ್ತಾರೆ, ಯಾರ ಮಾತು ಕೇಳಿ ಹೀಗೆ ಅಂತಿದಾಳೆ ಎಂದು. ಹೊರಗಿನವರು ಕೆಲವರು ಖುಷಿಪಡುತ್ತಾರೆ, ಕೊನೆಗೂ ಬುದ್ಧಿ ಬಂತು ಎನ್ನುವ ಹಾಗೆ. ಎರಡೂ ನನಗೆ ಬೇಡ.

2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ರಾಜ್ಯದಲ್ಲಿ 13 ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಬಿಟ್ಟು ಬೇರೆ ಜಾನುವಾರುಗಳ ವಧೆಗೆ ಅವಕಾಶವಿಲ್ಲ. ಬಡವರ ಅಗ್ಗದ ಮಾಂಸ ಅದಾಗಿತ್ತು. ಎಷ್ಟೋ ಮನೆಗಳು ಯಾವ ತೀರ್ಮಾನವನ್ನೂ ಮಾಡದೆಯೇ ಮಾಂಸ ಕಡಿಮೆ ಮಾಡಿದವು. 2022ರಲ್ಲಿ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಅಭಿಯಾನ ನಡೆಯಿತು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಅದಕ್ಕೆ ಮೊದಲು ವಿರೋಧಿಸಿದವರು ಮುಸ್ಲಿಮರಲ್ಲ, ಬಾಡೂಟ ಬೇಕು ಎಂದ ಮಂಡ್ಯದ ಜನ. 2014ರ ಕೇಂದ್ರ ಸರಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ನೂರಕ್ಕೆ ಸುಮಾರು 21 ಮಂದಿ. ಹೆಂಡ, ಬೀಡಿಯ ಸಾಲಿಗೆ ಸೇರಿದ್ದು ಉಳಿದ 79 ಮಂದಿಯ ಊಟ.

ಮುಂದಿನ ವರ್ಷ ನಮ್ಮಲ್ಲಿ ಹಲವರು ಬಿ.ಕಾಂ, ಸಿಎ ಓದಲು ಬೆಂಗಳೂರಿಗೆ, ಹುಬ್ಬಳ್ಳಿಗೆ ಹೋಗುತ್ತೇವೆ. ಬಾಡಿಗೆ ಮನೆ ಹುಡುಕುವಾಗ "ಓನ್ಲಿ ವೆಜ್" ಬೋರ್ಡ್ ನೋಡುತ್ತೇವೆ. ಆ ಬೋರ್ಡಿನ ಅರ್ಥ ಅಡುಗೆಯಷ್ಟೇ ಅಲ್ಲ ಎಂದು ನಮಗೆ ಗೊತ್ತು. ನಾನು ವಾರಕ್ಕೆ ಐದು ದಿನ ದಾಲ್ ತಿಂದರೂ ಆ ಮನೆ ನನಗೆ ಸಿಗದೆ ಹೋಗಬಹುದು.

ಹಾಗಾದರೆ ಇಂಥ ಸಮಯದಲ್ಲಿ ಹಟಕ್ಕಾದರೂ ದಿನಾ ತಿನ್ನಬೇಕೇ? ನನ್ನ ಅಣ್ಣನ ವಾದ ಇದೇ. "ಅವರು ಬ್ಯಾಡ ಅಂದಷ್ಟೂ ನಾನು ತಿಂತೀನಿ" ಎನ್ನುತ್ತಾನೆ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬೇರೆಯವರು ಬೇಡ ಎಂದದ್ದಕ್ಕೆ ತಿನ್ನುವುದೂ, ಬೇರೆಯವರು ಹೇಳಿದ್ದಕ್ಕೆ ಬಿಡುವುದೂ ಒಂದೇ. ಎರಡರಲ್ಲೂ ನನ್ನ ತಟ್ಟೆಯ ತೀರ್ಮಾನವನ್ನು ಇನ್ನೊಬ್ಬರು ಮಾಡುತ್ತಿದ್ದಾರೆ. ನನ್ನ ತಟ್ಟೆಯಲ್ಲಿ ಏನಿರಬೇಕೆಂದು ನಾನು ನಿರ್ಧರಿಸುತ್ತೇನೆ, ಪಕ್ಕದವರ ತಟ್ಟೆಯಲ್ಲಿ ಏನಿರಬೇಕೆಂದು ಅವರು. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ಸಾಧ್ಯವಿದೆ.

ಮಸ್ಕಿಯ ಪಕ್ಕದಲ್ಲಿದ್ದು ಇದನ್ನು ಮರೆಯಬಾರದು

ಮಸ್ಕಿಯ ಅಶೋಕನ ಶಾಸನ ನೋಡಲು ನಾವೆಲ್ಲ ಶಾಲೆಯಲ್ಲಿದ್ದಾಗ ಪ್ರವಾಸ ಹೋಗಿದ್ದೇವೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುವಾಗ ಅದು ಸಿಕ್ಕಿತು. ಅಶೋಕ ಎಂಬ ಹೆಸರು ಅದರಲ್ಲಿ ಇದ್ದುದರಿಂದ, ಬೇರೆ ಶಾಸನಗಳ ದೇವಾನಾಂಪ್ರಿಯ ಯಾರು ಎಂಬುದು ಖಚಿತವಾಯಿತು. ಇಷ್ಟನ್ನು ನಾವು ಎರಡು ಅಂಕಕ್ಕೆ ಬರೆದಿದ್ದೇವೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಉನ್ನತಿ ಪಡೆಯಬಹುದು ಎಂಬುದು ಆ ಶಾಸನದ ಸಾರ.

ಅವನ ಇನ್ನೊಂದು ಶಾಸನ ಗುಜರಾತಿನ ಗಿರ್ನಾರ್‌ನಲ್ಲೂ ನಮಗೆ ಹತ್ತಿರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇದೆ. ಅದರಲ್ಲಿ ಅವನು ತನ್ನ ಅಡುಗೆಮನೆಯ ಲೆಕ್ಕ ಕೊಟ್ಟಿದ್ದಾನೆ. ಮೊದಲು ಸಾರಿಗಾಗಿ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಮೂರು ಮಾತ್ರ, ಎರಡು ನವಿಲು ಒಂದು ಜಿಂಕೆ, ಆ ಜಿಂಕೆಯೂ ದಿನಾ ಇಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ ಎಂಬುದು ಅದರ ಅರ್ಥ. ಚಕ್ರವರ್ತಿಯೊಬ್ಬ "ಇನ್ನೂ ಪೂರ್ತಿ ಬಿಟ್ಟಿಲ್ಲ, ಇಷ್ಟು ಉಳಿದಿದೆ" ಎಂದು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಉಳಿದ ಬಾಕಿಯನ್ನು ಮುಚ್ಚಿಡದ ಲೆಕ್ಕಪತ್ರ ಇದು, ಅಕೌಂಟೆನ್ಸಿ ಓದುವವರಿಗೆ ಇದರ ಬೆಲೆ ಗೊತ್ತು. ಮುಂದೆ ಅವನು ಯಾವ ಪ್ರಾಣಿಗಳನ್ನು ಕೊಲ್ಲಬಾರದು ಎಂದು ಪ್ರಜೆಗಳಿಗೂ ಪಟ್ಟಿ ಹೊರಡಿಸಿದ. ನಾನು ಅಶೋಕನಿಂದ ಕಲಿಯುವುದು ಮೊದಲ ಭಾಗವನ್ನು. ಸ್ವಂತ ಅಡುಗೆಮನೆಯಿಂದ ಶುರು ಮಾಡಬೇಕು, ಎಷ್ಟು ಕಡಿಮೆಯಾಯಿತು ಎಂದು ನಿಜ ಹೇಳಬೇಕು.

ಏನು ಮಾಡಬಹುದು?

ಕಡಿಮೆ ಮಾಡುವುದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ನಮ್ಮ ದಖ್ಖನಿ ಅಡುಗೆಯಲ್ಲೇ ಎಲ್ಲ ಇದೆ. ದಾಲ್ಚಾದಲ್ಲಿ ಬೇಳೆ, ಸೋರೆಕಾಯಿ ಹೆಚ್ಚು, ಗೋಷ್ತ್ ನಾಲ್ಕು ತುಂಡು. ಅಂಬಾಡೆ ಗೋಷ್ತ್‌ನಲ್ಲಿ ಪುಂಡಿಸೊಪ್ಪೇ ಮುಖ್ಯ. ಸ್ವಲ್ಪ ಮಾಂಸವನ್ನು ಇಡೀ ಮನೆಗೆ ಸಾಕಾಗಿಸುವ ಅಡುಗೆಗಳನ್ನು ನಮ್ಮ ನಾನಿ, ದಾದಿಯರು ಬಡತನದಲ್ಲಿ ಕಂಡುಹಿಡಿದರು. ಖಟ್ಟಿ ದಾಲ್, ಬಘಾರಾ ಖಾನಾ, ಬಘಾರೆ ಬೈಂಗನ್ ಪೂರ್ತಿ ಸಸ್ಯಾಹಾರ, ಯಾರೂ ಅದನ್ನು ಬೇರೆಯವರ ಊಟ ಎನ್ನುವುದಿಲ್ಲ. ನಮ್ಮ ಬಘಾರೆ ಬೈಂಗನ್, ಗೆಳತಿಯರ ಮನೆಯ ಎಣ್ಣೆಗಾಯಿ ಅಕ್ಕತಂಗಿಯರ ಹಾಗೆ. ಮೊಹರಂನಲ್ಲಿ ಎಲ್ಲ ಜಾತಿಯವರೂ ಮಾಡುವ ಚೊಂಗೆಯಲ್ಲಿ ಬೆಲ್ಲ, ಗೋಧಿ ಬಿಟ್ಟರೆ ಏನಿದೆ?

ನನ್ನ ಸಲಹೆಗಳು ನಾಲ್ಕೇ. ಒಂದು, ಈ ತಿಂಗಳು ಮನೆಯಲ್ಲಿ ಯಾವ ದಿನ ಎಷ್ಟು ಮಾಂಸ ಬಂತು, ಎಷ್ಟು ಖರ್ಚಾಯಿತು ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯಿರಿ. ತೀರ್ಮಾನ ಆಮೇಲೆ ಮಾಡಿ. ಎರಡು, ಕಡಿಮೆ ಮಾಡುವುದಾದರೆ ಬೇಳೆ, ಮೊಟ್ಟೆ, ಮೊಸರು ಹೆಚ್ಚು ಮಾಡಿ. ಬರೀ ಅನ್ನ, ಸಾರು ತಿಂದು ಸಸ್ಯಾಹಾರಿ ಎಂದುಕೊಳ್ಳಬೇಡಿ. ಮೂರು, ತಂದ ದಿನ ಮನೆಯ ಹೆಂಗಸರ ತಟ್ಟೆಗೆ ಸಮಪಾಲು ಹೋಗಲಿ. ನಾಲ್ಕು, ಕಾಲೇಜಿನ ಕಾರ್ಯಕ್ರಮಗಳ ಊಟ. ಬಿರಿಯಾನಿ ಮಾಡಿಸಿದಾಗ ತಿನ್ನದವರಿಗೆ ಮೂಲೆಯಲ್ಲಿ ಒಂದಿಷ್ಟು ಮೊಸರನ್ನ ಇಟ್ಟು ಕೈ ತೊಳೆದುಕೊಳ್ಳುತ್ತೇವೆ. ನಮ್ಮ ಕ್ಲಾಸಿನಲ್ಲಿ ಲಿಂಗಾಯತ ಗೆಳತಿಯರಿದ್ದಾರೆ, ಶ್ರಾವಣದಲ್ಲಿ ಮಾಂಸ ಮುಟ್ಟದವರಿದ್ದಾರೆ. ಆರ್.ಎಚ್. ಕ್ಯಾಂಪಿನಿಂದ ಬರುವ ಬಂಗಾಳಿ ಗೆಳತಿಗೆ ಮೀನಿಲ್ಲದಿದ್ದರೆ ಊಟವೇ ಅಲ್ಲ. ಅಲ್ಪಸಂಖ್ಯಾತರ ತಟ್ಟೆಗೆ ಗೌರವ ಬೇಕು ಎಂದು ಹೊರಗೆ ಕೇಳುವ ನಾವು, ನಮ್ಮ ಆವರಣದೊಳಗೆ ಸಂಖ್ಯೆ ಕಡಿಮೆ ಇರುವವರಿಗೆ ಅದೇ ಗೌರವ ಕೊಡಬೇಕಲ್ಲವೇ? ಮುಂದಿನ ವಾರ್ಷಿಕೋತ್ಸವಕ್ಕೆ ಬಘಾರಾ ಖಾನಾ, ದಾಲ್ ಮತ್ತು ಬದನೆಕಾಯಿಯನ್ನು ಮುಖ್ಯ ಊಟವಾಗಿ ಎಲ್ಲರಿಗೂ ಬಡಿಸಿ, ಬೇಕಾದವರಿಗೆ ಚಿಕನ್ ಪಕ್ಕದಲ್ಲಿ ಇಡೋಣ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬಹುದು. ಪ್ರಿನ್ಸಿಪಾಲ್ ಸರ್ ಮತ್ತು ಊಟದ ಸಮಿತಿಯ ಮೇಡಂ ಅವರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಪೂರ್ತಿ ಬಿಡುತ್ತೇನೆ ಎನ್ನುವವರಿಗೂ, ಏನೂ ಬದಲಿಸುವುದಿಲ್ಲ ಎನ್ನುವವರಿಗೂ ಮುಂದಿನ ಸಂಚಿಕೆಯಲ್ಲಿ ಜಾಗ ಇದೆ ಎಂದು ಸಂಪಾದಕ ಮಂಡಳಿಯವರು ಹೇಳಿದ್ದಾರೆ. ಬರೆಯಿರಿ. ಆದರೆ ಬರೆಯುವ ಮುಂಚೆ ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನು ಉಳಿದಿದೆ ಎಂದು ಒಮ್ಮೆ ನೋಡಿ ಬನ್ನಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ